ಮಗಳ ಹೆಸರು ಯಾವ ರಿಜಿಸ್ಟರಿನಲ್ಲಿ ಬರುತ್ತದೆ?

ಪ್ರಶ್ನೆ: ನಾನು ಕೇರಳದ ಕಾಸರಗೋಡು ಜಿಲ್ಲೆಯ ಪೆರ್ಲದ ಹತ್ತಿರದ ಅಡಿಕೆ ಕೃಷಿಕ. ಮಗಳು ಹತ್ತನೆಯ ತರಗತಿಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿ ಈ ವರ್ಷ ಪ್ಲಸ್ ಟು ವಿಜ್ಞಾನ ಪಾಸಾಗಿದ್ದಾಳೆ. ಭೌತಶಾಸ್ತ್ರ, ರಸಾಯನಶಾಸ್ತ್ರ, ಜೀವಶಾಸ್ತ್ರ ಸೇರಿ ಶೇಕಡಾ 58 ಅಂಕ ಬಂದಿದೆ. ನರ್ಸ್ ಆಗಬೇಕೆಂಬುದು ಅವಳ ಆಸೆ. ಪರಿಚಯದವರೊಬ್ಬರು ಮಂಗಳೂರಿನ ಒಂದು ಸಂಸ್ಥೆಯ ಕಾಗದ ತಂದುಕೊಟ್ಟರು. ಒಂದು ವರ್ಷದ ನರ್ಸಿಂಗ್ ಡಿಪ್ಲೊಮಾ, ಸಂಸ್ಥೆ ಸರಕಾರದಿಂದ ನೋಂದಾಯಿತ, ಐಎಸ್‌ಒ ಪ್ರಮಾಣಪತ್ರವಿದೆ, ಮುಗಿದ ಕೂಡಲೇ ಗಲ್ಫಿನಲ್ಲಿ ಕೆಲಸ ಎಂದು ಅದರಲ್ಲಿ ಬರೆದಿದೆ. ಹತ್ತು ಸಾವಿರ ರೂಪಾಯಿ ಮುಂಗಡ ಕೊಟ್ಟಿದ್ದೇನೆ. ಉಳಿದ ಒಂದು ಲಕ್ಷದ ಹತ್ತು ಸಾವಿರವನ್ನೂ ಮಗಳ ಮೂಲ ಅಂಕಪಟ್ಟಿಯನ್ನೂ ಈ ತಿಂಗಳ ಕೊನೆಗೆ ಕೊಡಬೇಕಂತೆ. ಆದರೆ ನನ್ನ ಅಣ್ಣನ ಮಗಳು ಕರ್ನಾಟಕದಲ್ಲಿ ಎರಡು ವರ್ಷದ ಲ್ಯಾಬ್ ಟೆಕ್ನೀಷಿಯನ್ ಡಿಪ್ಲೊಮಾ ಮಾಡಿ ಮಂಗಳೂರಿನಲ್ಲಿ ಕೆಲಸದಲ್ಲಿದ್ದವಳು, ಮದುವೆಯಾಗಿ ಕುಂಬಳೆಗೆ ಬಂದ ಮೇಲೆ ಇಲ್ಲಿನ ರಿಜಿಸ್ಟ್ರೇಷನ್ ಇಲ್ಲವೆಂದು ಕೆಲಸ ಸಿಗದೆ ಕುಳಿತಿದ್ದಾಳೆ. ಕರ್ನಾಟಕದಲ್ಲಿ ಓದಿದರೆ ಕೇರಳದಲ್ಲಿ ನಡೆಯುವುದಿಲ್ಲ ಎನ್ನುವುದು ನಿಜವೇ? ಮುಂಗಡ ಕೊಟ್ಟಾಗಿದೆ, ಏನು ಮಾಡಲಿ?

ಉತ್ತರ: ಮೊದಲಿಗೆ ಒಂದು ಮಾತು. ಈ ಉತ್ತರವನ್ನು ಪೂರ್ತಿ ಓದುವವರೆಗೆ ಮಗಳ ಮೂಲ ಅಂಕಪಟ್ಟಿಯನ್ನು ಯಾರ ಕೈಗೂ ಕೊಡಬೇಡಿ. ಹಣ ಹೋದರೆ ಇನ್ನೊಂದು ಬೆಳೆಯಲ್ಲಿ ದುಡಿಯಬಹುದು. ಅಂಕಪಟ್ಟಿ ಇನ್ನೊಬ್ಬರ ಕಪಾಟಿನಲ್ಲಿ ಉಳಿದರೆ ಮಗಳು ಬೇರೆಲ್ಲಿಗೂ ಅರ್ಜಿ ಹಾಕುವಂತಿಲ್ಲ. ಮೂಲ ದಾಖಲೆಗಳನ್ನು ಕಾಲೇಜುಗಳು ಹಿಡಿದಿಟ್ಟುಕೊಳ್ಳಬಾರದು, ನೋಡಿ ಪರಿಶೀಲಿಸಿ ಕೂಡಲೇ ಹಿಂದಿರುಗಿಸಬೇಕು ಎಂದು ವಿಶ್ವವಿದ್ಯಾಲಯ ಅನುದಾನ ಆಯೋಗ (ಯುಜಿಸಿ) 2018ರಲ್ಲೇ ಸ್ಪಷ್ಟವಾಗಿ ಹೇಳಿದೆ. ಹಾಗಿದ್ದರೂ ಈ ಅಭ್ಯಾಸ ನಿಂತಿಲ್ಲ.

ನಾನು ಇಪ್ಪತ್ತೆಂಟು ವರ್ಷ ನರ್ಸಿಂಗ್ ವಿದ್ಯಾರ್ಥಿಗಳಿಗೆ ಪಾಠ ಹೇಳಿದವಳು. ಅದರಲ್ಲಿ ಹೆಚ್ಚಿನ ವರ್ಷಗಳು ಮಂಗಳೂರಿನಲ್ಲೇ ಕಳೆದವು. ತರಗತಿಯಲ್ಲಿ ಪ್ರತಿ ವರ್ಷ ಮಂಜೇಶ್ವರ, ಕುಂಬಳೆ, ಬದಿಯಡ್ಕ, ಮುಳ್ಳೇರಿಯದ ಕಡೆಯ ಮಕ್ಕಳು ಇದ್ದೇ ಇರುತ್ತಿದ್ದರು. ನೀವು ಕೇಳಿದ ಪ್ರಶ್ನೆಯನ್ನೇ ಅವರ ತಂದೆ ತಾಯಂದಿರು ನನ್ನಲ್ಲಿ ಕೇಳುತ್ತಿದ್ದರು, ಆದರೆ ಹಲವು ಬಾರಿ ಕೋರ್ಸು ಮುಗಿದ ಮೇಲೆ. ನೀವು ಮೊದಲೇ ಕೇಳಿದ್ದೀರಿ. ಅದು ದೊಡ್ಡ ಅನುಕೂಲ.

ನಿಮ್ಮ ಪತ್ರದಲ್ಲಿ ಎರಡು ಬೇರೆ ಬೇರೆ ಭಯಗಳು ಒಂದಕ್ಕೊಂದು ಅಂಟಿಕೊಂಡಿವೆ. ಸಂಸ್ಥೆ ನಂಬಿಗಸ್ತವೇ ಎಂಬುದು ಒಂದು. ಗಡಿ ದಾಟಿ ಓದಿದರೆ ಊರಲ್ಲಿ ಬೆಲೆ ಇದೆಯೇ ಎಂಬುದು ಇನ್ನೊಂದು. ಎರಡಕ್ಕೂ ಉತ್ತರ ಹುಡುಕುವ ದಾರಿ ಮಾತ್ರ ಒಂದೇ. 'ಈ ಕೋರ್ಸಿಗೆ ಮಾನ್ಯತೆ ಇದೆಯೇ' ಎಂದು ಕೇಳಿದರೆ ಎಂಥ ಸಂಸ್ಥೆಯೂ ಇದೆ ಎನ್ನುತ್ತದೆ, ಯಾವುದಾದರೂ ಕಾಗದ ತೋರಿಸುತ್ತದೆ. ಹೀಗೆ ಕೇಳಿ: 'ಈ ಕೋರ್ಸು ಮುಗಿಸಿದರೆ ನನ್ನ ಮಗಳ ಹೆಸರು ಯಾವ ಕೌನ್ಸಿಲಿನ ರಿಜಿಸ್ಟರಿನಲ್ಲಿ ಬರುತ್ತದೆ? ಅದನ್ನು ಬರೆದು ಕೊಡುತ್ತೀರಾ?'

ನಮ್ಮ ದೇಶದಲ್ಲಿ ನರ್ಸ್ ಎಂದರೆ ಕಾನೂನಿನ ಪ್ರಕಾರ ರಾಜ್ಯದ ನರ್ಸಿಂಗ್ ಕೌನ್ಸಿಲಿನ ರಿಜಿಸ್ಟರಿನಲ್ಲಿ ಹೆಸರಿರುವ ವ್ಯಕ್ತಿ. ಆ ರಿಜಿಸ್ಟರಿಗೆ ಹೋಗುವ ಬಾಗಿಲುಗಳು ಮೂರು ನಾಲ್ಕು ಮಾತ್ರ. ಎರಡು ವರ್ಷದ ಎಎನ್‌ಎಂ (ಸಹಾಯಕ ನರ್ಸ್ ಮತ್ತು ಸೂಲಗಿತ್ತಿ ತರಬೇತಿ), ಮೂರು ವರ್ಷದ ಜಿಎನ್‌ಎಂ (ನರ್ಸಿಂಗ್ ಮತ್ತು ಸೂಲಗಿತ್ತಿ ಡಿಪ್ಲೊಮಾ), ನಾಲ್ಕು ವರ್ಷದ ಬಿಎಸ್‌ಸಿ ನರ್ಸಿಂಗ್, ಜಿಎನ್‌ಎಂ ಆದವರು ಮುಂದೆ ಓದುವ ಪೋಸ್ಟ್ ಬೇಸಿಕ್ ಬಿಎಸ್‌ಸಿ. ಒಂದು ವರ್ಷದ ಯಾವ ಡಿಪ್ಲೊಮಾದಿಂದಲೂ, ಅದರ ಹೆಸರಿನಲ್ಲಿ ನರ್ಸಿಂಗ್ ಎಂಬ ಶಬ್ದ ಎಷ್ಟು ಸಲ ಬಂದರೂ, ಆ ರಿಜಿಸ್ಟರಿಗೆ ದಾರಿ ಇಲ್ಲ. ಕರ್ನಾಟಕದಲ್ಲೂ ಇಲ್ಲ, ಕೇರಳದಲ್ಲೂ ಇಲ್ಲ.

ಹಾಗಾದರೆ 'ಸರಕಾರದಿಂದ ನೋಂದಾಯಿತ' ಎಂದು ಬರೆದದ್ದು ಸುಳ್ಳೇ? ಬಹುಶಃ ಅಲ್ಲ. ಯಾವುದೋ ಟ್ರಸ್ಟ್, ಸೊಸೈಟಿ ಅಥವಾ ಕಂಪೆನಿಯಾಗಿ ಅದು ನೋಂದಾಯಿತವಾಗಿರಬಹುದು. ನಿಮ್ಮ ಊರಿನ ಕ್ರೀಡಾ ಸಂಘವೂ ಹಾಗೆಯೇ ನೋಂದಾಯಿತ. ಐಎಸ್‌ಒ ಪ್ರಮಾಣಪತ್ರ ಎಂದರೆ ಕಚೇರಿಯ ಕೆಲಸ ಒಂದು ಕ್ರಮದಲ್ಲಿ ನಡೆಯುತ್ತದೆ ಎಂಬುದಕ್ಕೆ ಖಾಸಗಿ ಸಂಸ್ಥೆಯೊಂದು ಕೊಡುವ ಕಾಗದ. ಇವೆರಡಕ್ಕೂ ರೋಗಿಗೆ ಇಂಜೆಕ್ಷನ್ ಕೊಡುವ ಅಧಿಕಾರಕ್ಕೂ ಸಂಬಂಧವಿಲ್ಲ. ನಿಜವಾದ ನರ್ಸಿಂಗ್ ಕಾಲೇಜಿಗೆ ಬೇಕಾದ ಒಪ್ಪಿಗೆಗಳೇ ಬೇರೆ. ರಾಜ್ಯ ಸರಕಾರದ ಅನುಮತಿ, ರಾಜ್ಯ ನರ್ಸಿಂಗ್ ಕೌನ್ಸಿಲಿನ ಮಾನ್ಯತೆ ಇರಬೇಕು. ಬಿಎಸ್‌ಸಿ ಆದರೆ ವಿಶ್ವವಿದ್ಯಾಲಯದ ಸಂಯೋಜನೆಯೂ ಬೇಕು. ಅದು ಕರ್ನಾಟಕದಲ್ಲಿ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯ, ಕೇರಳದಲ್ಲಿ ತೃಶ್ಶೂರಿನ ಆರೋಗ್ಯ ವಿಶ್ವವಿದ್ಯಾಲಯ. ಮಂಗಳೂರಿನ ಡೀಮ್ಡ್ ವಿಶ್ವವಿದ್ಯಾಲಯಗಳು ತಾವೇ ಪರೀಕ್ಷೆ ನಡೆಸುತ್ತವೆ, ಆದರೆ ಕೌನ್ಸಿಲಿನ ಮಾನ್ಯತೆ ಅವುಗಳಿಗೂ ತಪ್ಪಿದ್ದಲ್ಲ.

ಒಂದು ವರ್ಷದ ಕೋರ್ಸುಗಳ ಮೇಲೆ ನನಗೆ ಹಗೆ ಇಲ್ಲ. ರೋಗಿಯ ಮೈ ಒರೆಸುವುದು, ಮಗ್ಗುಲು ಬದಲಿಸುವುದು, ಊಟ ಮಾಡಿಸುವುದು, ಗಾಲಿಕುರ್ಚಿಯಲ್ಲಿ ಕರೆದೊಯ್ಯುವುದು ಇವೆಲ್ಲ ದೊಡ್ಡ ಕೆಲಸಗಳು. ಜನರಲ್ ಡ್ಯೂಟಿ ಅಸಿಸ್ಟೆಂಟ್ ಎಂಬ ಹೆಸರಿನಲ್ಲಿ ಅದಕ್ಕೆ ಕೌಶಲ ತರಬೇತಿಯೂ ಇದೆ. ನಮ್ಮ ಕಡೆ ಹೋಂ ನರ್ಸ್ ಎಂದು ಕರೆಯುವ ಎಷ್ಟೋ ಹೆಣ್ಣುಮಕ್ಕಳು ಈ ಕೆಲಸ ಮಾಡಿ ಮನೆ ನಡೆಸುತ್ತಿದ್ದಾರೆ, ಅವರನ್ನು ನಾನು ಗೌರವಿಸುತ್ತೇನೆ. ಆದರೆ ಆ ತರಬೇತಿಗೆ ಒಂದು ಲಕ್ಷದ ಇಪ್ಪತ್ತು ಸಾವಿರ ಏಕೆ ಕೊಡಬೇಕು? ನರ್ಸ್ ಆಗುತ್ತೀ ಎಂದು ಹೇಳಿ ಸೇರಿಸಿಕೊಂಡು ಸಹಾಯಕಿಯ ತರಬೇತಿ ಕೊಡುವುದು ಮೋಸ.

ಇದರಲ್ಲಿ ಮಗುವಿಗೆ ಏನಾಗುತ್ತದೆ ಎಂಬುದನ್ನು ಕಣ್ಣಾರೆ ಕಂಡಿದ್ದೇನೆ. ನನ್ನ ವಿದ್ಯಾರ್ಥಿನಿಯೊಬ್ಬಳ ತಂಗಿ ಇಂಥದೇ ಕೋರ್ಸು ಮುಗಿಸಿ ಒಂದು ಸಣ್ಣ ಆಸ್ಪತ್ರೆಗೆ ಸೇರಿದಳು. ಬಿಳಿ ಸಮವಸ್ತ್ರ ಕೊಟ್ಟರು, ಸಿಸ್ಟರ್ ಎಂದರು, ಡ್ರಿಪ್ ಹಾಕಿಸಿದರು. ಅರ್ಧ ಸಂಬಳಕ್ಕೆ ಪೂರ್ತಿ ನರ್ಸಿನ ದುಡಿತ. ಒಂದು ರಾತ್ರಿ ಔಷಧದ ಪ್ರಮಾಣ ತಪ್ಪಿತು. ರೋಗಿ ಬದುಕಿದರು, ಅದೇ ಪುಣ್ಯ. ಮರುದಿನ ಆಸ್ಪತ್ರೆಯವರು ಆಕೆ ನಮ್ಮ ನರ್ಸೇ ಅಲ್ಲ ಎಂದುಬಿಟ್ಟರು. ಹತ್ತೊಂಬತ್ತು ವರ್ಷದ ಹುಡುಗಿ ನನ್ನ ಎದುರು ಕುಳಿತು, 'ಮೇಡಂ, ನಾನು ಕಲಿತದ್ದನ್ನೇ ಮಾಡಿದೆ' ಎಂದು ಅತ್ತದ್ದು ಇನ್ನೂ ನೆನಪಿದೆ. ರಿಜಿಸ್ಟರಿನಲ್ಲಿ ಹೆಸರಿದ್ದರೆ ವಿಚಾರಣೆಯಲ್ಲಿ ಅವಳ ಮಾತಿಗೂ ಒಂದು ಸ್ಥಾನ ಇರುತ್ತಿತ್ತು.

ಮುಗಿದ ಕೂಡಲೇ ಗಲ್ಫಿನಲ್ಲಿ ಕೆಲಸ ಎಂದು ಆ ಕಾಗದದಲ್ಲಿ ಬರೆದಿದೆಯಲ್ಲ, ನಿಜ ಸ್ಥಿತಿ ಅದಕ್ಕೆ ತದ್ವಿರುದ್ಧ. ನರ್ಸ್ ಆಗಿ ಹೋಗುವವರ ದಾಖಲೆಗಳನ್ನು ಅಲ್ಲಿನ ಆರೋಗ್ಯ ಇಲಾಖೆಗಳು ಡೇಟಾಫ್ಲೋದಂಥ ಸಂಸ್ಥೆಗಳ ಮೂಲಕ ಪರಿಶೀಲಿಸುತ್ತವೆ. ಪ್ರಮಾಣಪತ್ರ ಕೊಟ್ಟ ಕಾಲೇಜಿಗೂ ರಿಜಿಸ್ಟ್ರೇಷನ್ ಕೊಟ್ಟ ಕೌನ್ಸಿಲಿಗೂ ಅವರೇ ನೇರವಾಗಿ ಬರೆದು ಕೇಳುತ್ತಾರೆ. ಅದರ ಜೊತೆಗೆ ಅಲ್ಲಿನ ಪರವಾನಗಿಗಾಗಿ ಬರೆಯಬೇಕಾದ ಪ್ರೊಮೆಟ್ರಿಕ್ ಪರೀಕ್ಷೆ ಬೇರೆ. ಭಾರತ ಸರಕಾರ ಕೂಡ 2015ರಿಂದ ಗಲ್ಫ್ ಸೇರಿದಂತೆ ಹದಿನೆಂಟು ದೇಶಗಳಿಗೆ ನರ್ಸ್‌ಗಳ ನೇಮಕಾತಿಯನ್ನು ನೋರ್ಕಾ ರೂಟ್ಸ್, ಒಡೆಪೆಕ್‌ನಂಥ ಸರಕಾರಿ ಏಜೆನ್ಸಿಗಳ ಮೂಲಕವೇ ನಡೆಯಬೇಕೆಂದು ಬಿಗಿ ಮಾಡಿತು. ಒಂದು ವರ್ಷದ ಕಾಗದ ಹಿಡಿದು ಹೋದವರು ಅಲ್ಲಿ ಮನೆಗೆಲಸದ ವೀಸಾದಲ್ಲಿ ಸಿಕ್ಕಿಕೊಂಡ ಕತೆಗಳನ್ನು ನಿಮ್ಮ ಊರಿನಲ್ಲೇ ವಿಚಾರಿಸಿದರೆ ಕೇಳಬಹುದು.

ಈಗ ಗಡಿಯ ಮಾತು. ಕರ್ನಾಟಕದಲ್ಲಿ ಓದಿದರೆ ಕೇರಳದಲ್ಲಿ ನಡೆಯುವುದಿಲ್ಲ ಎನ್ನುವುದು ನರ್ಸಿಂಗ್ ಮಟ್ಟಿಗೆ ಸುಳ್ಳು. ಕೇರಳದ ಆಸ್ಪತ್ರೆಗಳಲ್ಲಿ ದುಡಿಯುವ ಎಷ್ಟೋ ನರ್ಸ್‌ಗಳು ಮಂಗಳೂರು, ಬೆಂಗಳೂರಿನಲ್ಲಿ ಓದಿದವರೇ. ಭಾರತೀಯ ನರ್ಸಿಂಗ್ ಕೌನ್ಸಿಲ್ ಕಾಯ್ದೆ 1947ರಷ್ಟು ಹಳೆಯದು. ಅದರ ಪ್ರಕಾರ ಮಾನ್ಯತೆ ಪಡೆದ ವಿದ್ಯಾರ್ಹತೆ ಯಾವುದೇ ರಾಜ್ಯದ ರಿಜಿಸ್ಟರಿನಲ್ಲಿ ಹೆಸರು ಬರೆಸಲು ಸಾಕು. ಆದರೆ ಹೆಸರು ತಾನಾಗಿ ಗಡಿ ದಾಟುವುದಿಲ್ಲ. ಮೊದಲು ಓದಿದ ರಾಜ್ಯದಲ್ಲಿ, ಅಂದರೆ ಕರ್ನಾಟಕ ರಾಜ್ಯ ನರ್ಸಿಂಗ್ ಕೌನ್ಸಿಲಿನಲ್ಲಿ, ನೋಂದಣಿ ಆಗಬೇಕು. ಆಮೇಲೆ ತಿರುವನಂತಪುರದ ಕೇರಳ ನರ್ಸಸ್ ಆ್ಯಂಡ್ ಮಿಡ್‌ವೈವ್ಸ್ ಕೌನ್ಸಿಲಿಗೆ ಅರ್ಜಿ ಹಾಕಬೇಕು. ಅವರು ಕರ್ನಾಟಕದ ಕೌನ್ಸಿಲಿನಿಂದ ದೃಢೀಕರಣ ತರಿಸಿಕೊಂಡು ಇಲ್ಲಿ ಹೆಸರು ಬರೆಯುತ್ತಾರೆ. ಇದಕ್ಕೆ ತಿಂಗಳುಗಳು ಹಿಡಿಯಬಹುದು. ಕೇರಳ ಪಿಎಸ್‌ಸಿಯ ಸ್ಟಾಫ್ ನರ್ಸ್ ಹುದ್ದೆಗೆ ಕೇರಳದ ನೋಂದಣಿಯೇ ಬೇಕು. ಅಧಿಸೂಚನೆ ಬಂದ ಮೇಲೆ ಓಡಾಡಿದರೆ ಕೊನೆಯ ದಿನ ದಾಟಿಹೋಗುತ್ತದೆ. ಪಾಸಾದ ವರ್ಷವೇ ಅರ್ಜಿ ಹಾಕಿ ಎಂದು ನನ್ನ ವಿದ್ಯಾರ್ಥಿಗಳಿಗೆ ಪ್ರತಿ ವರ್ಷ ಹೇಳುತ್ತಿದ್ದೆ.

ಈ ಸುಳ್ಳಿನ ಹಿಂದೆ ಸ್ವಲ್ಪ ನಿಜವೂ ಇದೆ, ಅದನ್ನು ಮುಚ್ಚಿಡುವುದಿಲ್ಲ. ಕರ್ನಾಟಕದ ಕಾಲೇಜುಗಳಿಗೆ ಭಾರತೀಯ ನರ್ಸಿಂಗ್ ಕೌನ್ಸಿಲಿನ ಮಾನ್ಯತೆ ಬೇಕೇ, ರಾಜ್ಯ ಕೌನ್ಸಿಲಿನದು ಸಾಕೇ ಎಂಬ ಜಗಳ 2017ರಲ್ಲಿ ಕರ್ನಾಟಕ ಹೈಕೋರ್ಟ್ ತನಕ ಹೋಗಿತ್ತು. ಆಗ ಕೇರಳದಿಂದ ಅಲ್ಲಿಗೆ ಓದಲು ಹೋಗಿದ್ದ ಮಕ್ಕಳ ಮನೆಗಳಲ್ಲಿ ನಿದ್ದೆ ಇರಲಿಲ್ಲ. ಕಾನೂನಿನ ವಾದ ದೊಡ್ಡವರ ನಡುವೆ ನಡೆಯುತ್ತದೆ, ಸಂಕಟ ಮಾತ್ರ ಬೇರೆ ಊರಿನಿಂದ ಬಂದ ವಿದ್ಯಾರ್ಥಿಯ ಪಾಲಿಗೆ ಬರುತ್ತದೆ. ಹಾಗಾಗಿ ಗಡಿಭಾಗದವರು ರಾಜ್ಯದ ಕೌನ್ಸಿಲ್, ಭಾರತೀಯ ಕೌನ್ಸಿಲ್ ಎರಡರ ಪಟ್ಟಿಯಲ್ಲೂ ಇರುವ ಕಾಲೇಜನ್ನೇ ಹುಡುಕಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ. 1947ರ ಕಾಯ್ದೆಯ ಜಾಗಕ್ಕೆ ತರಲೆಂದು ಸಂಸತ್ತು 2023ರಲ್ಲಿ ರಾಷ್ಟ್ರೀಯ ನರ್ಸಿಂಗ್ ಮತ್ತು ಸೂಲಗಿತ್ತಿ ಆಯೋಗದ ಕಾಯ್ದೆಯನ್ನು ಅಂಗೀಕರಿಸಿದೆ.  

ಇಷ್ಟೊಂದು ಗೊಂದಲ ಏಕೆ ಎಂದರೆ, ನಮ್ಮ ಸಂವಿಧಾನದಲ್ಲಿ ಆಸ್ಪತ್ರೆ ಮತ್ತು ಸಾರ್ವಜನಿಕ ಆರೋಗ್ಯ ರಾಜ್ಯಗಳ ಕೈಯಲ್ಲಿವೆ. ವೈದ್ಯಕೀಯ ಶಿಕ್ಷಣ ಮತ್ತು ವೃತ್ತಿಗಳು ಕೇಂದ್ರ, ರಾಜ್ಯ ಎರಡಕ್ಕೂ ಸೇರಿದ ಪಟ್ಟಿಯಲ್ಲಿವೆ. ಪಾಠಕ್ರಮದ ಮಟ್ಟವನ್ನು ದಿಲ್ಲಿ ನಿಗದಿಪಡಿಸಿದರೂ ವಾರ್ಡಿನಲ್ಲಿ ಯಾರು ನಿಲ್ಲಬೇಕೆಂದು ನೋಡುವುದು ರಾಜ್ಯ. ತಲಪಾಡಿಯನ್ನು ದಿನಕ್ಕೆರಡು ಸಲ ದಾಟುವ ನಮಗೆ ಗಡಿ ಎಂದರೆ ಬಸ್ ಬದಲಿಸುವ ಜಾಗ. ಅದು ಎಷ್ಟು ಗಟ್ಟಿ ಎಂಬುದು 2020ರ ಮಾರ್ಚಿನಲ್ಲಿ ಕೋವಿಡ್ ಕಾರಣಕ್ಕೆ ಮಾರ್ಗಗಳಿಗೆ ಮಣ್ಣು ಸುರಿದು ಗಡಿ ಮುಚ್ಚಿದಾಗ ತಿಳಿಯಿತು. ಕಾಸರಗೋಡಿನಿಂದ ಮಂಗಳೂರಿಗೆ ಡ್ಯೂಟಿಗೆ ಹೋಗುತ್ತಿದ್ದ ನನ್ನ ಹಳೆಯ ವಿದ್ಯಾರ್ಥಿನಿಯರು ಆ ದಿನಗಳಲ್ಲಿ ಫೋನ್ ಮಾಡಿ, ಅತ್ತ ಕೆಲಸ ಇತ್ತ ಮನೆ ಎಂದು ಅಳುತ್ತಿದ್ದರು. ಎರಡೂ ರಾಜ್ಯಗಳಲ್ಲಿ ನೋಂದಣಿ ಇದ್ದ ಕೆಲವರು ಇತ್ತಲೇ ಕೆಲಸ ಹಿಡಿದರು. ಆ ತಿಂಗಳಿನಿಂದ ಈಚೆಗೆ ಎರಡು ನೋಂದಣಿಯ ಮಾತನ್ನು ನಾನು ಇನ್ನಷ್ಟು ಒತ್ತಿ ಹೇಳುತ್ತೇನೆ.

ಅಣ್ಣನ ಮಗಳ ತೊಂದರೆಗೆ ಕಾರಣ ಬೇರೆ. ನರ್ಸಿಂಗಿಗೆ 1947ರಿಂದಲೇ ಕೇಂದ್ರ ಕಾನೂನು ಇತ್ತು. ಲ್ಯಾಬ್, ಎಕ್ಸ್‌ರೇ, ಡಯಾಲಿಸಿಸ್, ಫಿಸಿಯೋಥೆರಪಿ ಮುಂತಾದ ವೃತ್ತಿಗಳಿಗೆ 2021ರ ತನಕ ಅಂಥದ್ದು ಇರಲೇ ಇಲ್ಲ. ಪ್ರತಿ ರಾಜ್ಯವೂ ತನ್ನದೇ ವ್ಯವಸ್ಥೆ ಮಾಡಿಕೊಂಡಿತ್ತು. ಕರ್ನಾಟಕದಲ್ಲಿ ಪ್ಯಾರಾಮೆಡಿಕಲ್ ಬೋರ್ಡ್ ಪರೀಕ್ಷೆ ನಡೆಸಿ ಡಿಪ್ಲೊಮಾ ಕೊಡುತ್ತದೆ. ಕೇರಳದಲ್ಲಿ ವೈದ್ಯಕೀಯ ಶಿಕ್ಷಣ ನಿರ್ದೇಶನಾಲಯದ ಡಿಪ್ಲೊಮಾ, ಪ್ಯಾರಾಮೆಡಿಕಲ್ ಕೌನ್ಸಿಲಿನ ನೋಂದಣಿ. ಒಂದರ ಕಾಗದವನ್ನು ಇನ್ನೊಂದು ಒಪ್ಪಲೇಬೇಕೆಂಬ ಕಟ್ಟುಪಾಡು ಇರಲಿಲ್ಲ. ಅವಳ ಕಲಿಕೆಯಲ್ಲಾಗಲಿ ಪ್ರಮಾಣಪತ್ರದಲ್ಲಾಗಲಿ ತಪ್ಪಿಲ್ಲ. ಎರಡು ಊರುಗಳ ನಡುವೆ ಸೇತುವೆ ಕಟ್ಟಿರಲಿಲ್ಲ, ಅಷ್ಟೇ.

ಆ ಸೇತುವೆಯೇ 2021ರ ರಾಷ್ಟ್ರೀಯ ಸಹಾಯಕ ಮತ್ತು ಆರೋಗ್ಯ ವೃತ್ತಿಗಳ ಆಯೋಗದ ಕಾಯ್ದೆ. ಹತ್ತು ವಿಭಾಗಗಳಲ್ಲಿ ಐವತ್ತಕ್ಕೂ ಹೆಚ್ಚು ವೃತ್ತಿಗಳು ಅದರೊಳಗೆ ಬರುತ್ತವೆ. ಪ್ರತಿ ರಾಜ್ಯದಲ್ಲೂ ಕೌನ್ಸಿಲ್, ರಾಜ್ಯದ ರಿಜಿಸ್ಟರ್, ಅವೆಲ್ಲ ಸೇರಿದ ಕೇಂದ್ರ ರಿಜಿಸ್ಟರ್ ಇರಬೇಕೆಂದು ಅದು ಹೇಳುತ್ತದೆ. ಸಹಾಯಕ ಆರೋಗ್ಯ ವೃತ್ತಿಗೆ ಎರಡರಿಂದ ನಾಲ್ಕು ವರ್ಷಗಳಲ್ಲಿ ಕನಿಷ್ಠ 2000 ಗಂಟೆಗಳ ಕಲಿಕೆ ಬೇಕೆಂಬ ಅಳತೆಯನ್ನೂ ಹಾಕಿದೆ. ಕಾನೂನು ಬಂದು ಅದು ನೆಲಕ್ಕಿಳಿಯಲು ವರ್ಷಗಳೇ ಹಿಡಿದವು. ಈ ನಿಧಾನಕ್ಕೆ ಬೆಲೆ ತೆತ್ತವರು ನಿಮ್ಮ ಅಣ್ಣನ ಮಗಳಂಥವರು ಎಂಬುದು ನನಗೆ ಬೇಸರದ ವಿಷಯ. ಆಕೆ ಅಂಕಪಟ್ಟಿ, ಡಿಪ್ಲೊಮಾ, ಪಠ್ಯಕ್ರಮದ ಪ್ರತಿ, ಎಷ್ಟು ಗಂಟೆ ಪ್ರಾಯೋಗಿಕ ತರಬೇತಿ ಎಂಬುದಕ್ಕೆ ಸಂಸ್ಥೆಯ ಪತ್ರ, ಮಂಗಳೂರಿನ ಕೆಲಸದ ಅನುಭವ ಪತ್ರ ಇಷ್ಟನ್ನು ಜೋಡಿಸಿಕೊಂಡು ಈ ವೃತ್ತಿಗಳ ಕೇರಳದ ಕೌನ್ಸಿಲಿಗೆ ಲಿಖಿತ ಅರ್ಜಿ ಹಾಕಲಿ. ತಿರಸ್ಕರಿಸಿದರೆ ಕಾರಣವನ್ನು ಲಿಖಿತವಾಗಿಯೇ ಕೇಳಲಿ. ಬಾಯಿಮಾತಿನ 'ಆಗುವುದಿಲ್ಲ' ಎಂಬುದನ್ನು ನಂಬಿ ಮನೆಯಲ್ಲಿ ಕುಳಿತುಕೊಳ್ಳುವುದು ಬೇಡ. ಸರಕಾರಿ ಕಚೇರಿಯ ಕಾಗದದಲ್ಲಿ ಎಡವಿದರೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರವಿದೆ. ಮಹಿಳೆಯರಿಗೆ ಅಲ್ಲಿ ಆದಾಯದ ಮಿತಿ ಇಲ್ಲದೆ ಉಚಿತ ನೆರವು ಸಿಗುತ್ತದೆ. ಡಿಪ್ಲೊಮಾ ಆದವರನ್ನು ಎರಡನೆಯ ವರ್ಷಕ್ಕೆ ಸೇರಿಸಿಕೊಳ್ಳುವ ಪದವಿ ಕಾಲೇಜುಗಳ ಬಗ್ಗೆಯೂ ವಿಚಾರಿಸಬಹುದು. ದೂರಶಿಕ್ಷಣದಲ್ಲಿ ಪದವಿ ಕೊಡಿಸುತ್ತೇವೆ ಎಂದು ಯಾರಾದರೂ ಬಂದರೆ ಮಾತ್ರ ಬಾಗಿಲು ಹಾಕಿಕೊಳ್ಳಿ. ಈ ಕಾಯ್ದೆಯೊಳಗಿನ ಕೋರ್ಸುಗಳನ್ನು ದೂರಶಿಕ್ಷಣ ಮತ್ತು ಆನ್‌ಲೈನ್ ರೂಪದಲ್ಲಿ ನಡೆಸದಂತೆ ಯುಜಿಸಿ 2025ರಲ್ಲಿ ತಡೆದಿದೆ.

ಮಗಳ ವಿಷಯಕ್ಕೆ ಮರಳುತ್ತೇನೆ. ಶೇಕಡಾ 58 ಅಂಕ ಕಡಿಮೆ ಎಂದು ಕೊರಗಬೇಡಿ. ಬಿಎಸ್‌ಸಿ ನರ್ಸಿಂಗಿಗೆ ಕೌನ್ಸಿಲ್ ಕೇಳುವ ಕನಿಷ್ಠ ಅರ್ಹತೆ ಈ ವಿಜ್ಞಾನ ವಿಷಯಗಳಲ್ಲಿ ಒಟ್ಟು ಶೇಕಡಾ 45. ಜಿಎನ್‌ಎಂಗೆ ಪ್ಲಸ್ ಟುವಿನಲ್ಲಿ ಶೇಕಡಾ 40 ಸಾಕು. ಅರ್ಹತೆ ಅವಳಿಗೆ ಇದೆ.

ಕೇರಳದಲ್ಲಿ ಬಿಎಸ್‌ಸಿ ನರ್ಸಿಂಗ್ ಸೀಟುಗಳನ್ನು ಸರಕಾರಿ ಸಂಸ್ಥೆಯಾದ ಎಲ್‌ಬಿಎಸ್ ಕೇಂದ್ರ ಪ್ಲಸ್ ಟು ಅಂಕಗಳ ಆಧಾರದಲ್ಲಿ ಹಂಚುತ್ತದೆ. ಅರ್ಜಿ ಹಾಕಲು ಊರಿನ ಅಕ್ಷಯ ಕೇಂದ್ರ (ಆನ್‌ಲೈನ್ ಸೇವಾ ಕೇಂದ್ರ) ಸಾಕು. ಸರಕಾರಿ ಸೀಟಿನ ಶುಲ್ಕ ಕಡಿಮೆ, ನೋಂದಣಿ ನೇರವಾಗಿ ಇಲ್ಲೇ ಆಗುತ್ತದೆ. ತೊಂದರೆ ಎಂದರೆ ಸ್ಪರ್ಧೆ. 58ಕ್ಕೆ ಸರಕಾರಿ ಬಿಎಸ್‌ಸಿ ಸೀಟು ಸಿಗುವುದು ಕಷ್ಟ ಎಂದು ಈಗಲೇ ಹೇಳಿಬಿಡುತ್ತೇನೆ. ಜಿಎನ್‌ಎಂ ಅರ್ಜಿಯನ್ನೂ ಜೊತೆಗೇ ಹಾಕಿ. ವಾರ್ಡಿನಲ್ಲಿ ಮಲಯಾಳ ಬೇಕೇ ಬೇಕು, ಆದರೆ ನಮ್ಮ ಕಡೆಯ ಮಕ್ಕಳು ಅದನ್ನು ಆರು ತಿಂಗಳಲ್ಲಿ ಕಲಿಯುತ್ತಾರೆ. ಕನ್ನಡ, ತುಳು ಬಲ್ಲ ನರ್ಸ್ ನಮ್ಮ ಆಸ್ಪತ್ರೆಗಳಿಗೂ ಬೇಕು. ನಿಮ್ಮ ಮನೆಗೆ ಹತ್ತಿರದ ಉಕ್ಕಿನಡ್ಕದ ಮೆಡಿಕಲ್ ಕಾಲೇಜಿಗೆ ಅಡಿಗಲ್ಲು ಬಿದ್ದದ್ದು 2013ರಲ್ಲಿ. ಅದು 2020ರಲ್ಲಿ ಕೋವಿಡ್ ಆಸ್ಪತ್ರೆಯಾಗಿ ತೆರೆಯಿತು, 2025ರಲ್ಲಿ 50 ಎಂಬಿಬಿಎಸ್ ಸೀಟುಗಳಿಗೆ ಅನುಮತಿ ಬಂತು. ಅಲ್ಲಿಗೆ ಬರುವ ಅಜ್ಜಿಯಂದಿರು ನೋವನ್ನು ತಮ್ಮ ಭಾಷೆಯಲ್ಲೇ ಹೇಳಿಕೊಳ್ಳುವವರು.

ಕರ್ನಾಟಕವಾದರೆ ಸರಕಾರಿ ಕೋಟಾದ ಬಿಎಸ್‌ಸಿ ಸೀಟುಗಳನ್ನು ಕರ್ನಾಟಕ ಪರೀಕ್ಷಾ ಪ್ರಾಧಿಕಾರ ಹಂಚುತ್ತದೆ. ಕಾಸರಗೋಡು, ಮಂಜೇಶ್ವರ, ಹೊಸದುರ್ಗ ತಾಲೂಕುಗಳಲ್ಲಿ ಓದಿದ ಕನ್ನಡ, ತುಳು ಮನೆಮಾತಿನ ಮಕ್ಕಳಿಗೆ ಗಡಿನಾಡು ಕನ್ನಡಿಗ ಎಂಬ ಅರ್ಹತೆ ಆ ಪ್ರಾಧಿಕಾರದ ನಿಯಮಗಳಲ್ಲಿದೆ. ಅದಕ್ಕೆ ಕನ್ನಡ ಭಾಷಾ ಪರೀಕ್ಷೆಯೊಂದನ್ನು ಪಾಸು ಮಾಡಬೇಕು. ಇದು ನಮ್ಮ ಎಷ್ಟೋ ಮನೆಗಳಿಗೆ ಗೊತ್ತೇ ಇಲ್ಲ. ಆ ಪ್ರಾಧಿಕಾರ ನಡೆಸುವ ಪ್ರವೇಶ ಪರೀಕ್ಷೆ ಸಿಇಟಿಗೆ ಅರ್ಜಿ ಹಾಕುವಾಗಲೇ ಈ ಕಲಂ ಗುರುತಿಸಬೇಕು. ಈ ವರ್ಷ ಅದು ತಪ್ಪಿದ್ದರೆ ಉಳಿಯುವುದು ಮ್ಯಾನೇಜ್‌ಮೆಂಟ್ ಸೀಟು, ಅಲ್ಲಿ ನಾಲ್ಕು ವರ್ಷದ ಖರ್ಚು ದೊಡ್ಡದು. ಸೊಸೈಟಿ ಬ್ಯಾಂಕಿನಲ್ಲಿ ತೋಟ ಅಡವಿಟ್ಟು ಸಾಲ ಮಾಡುವ ಮೊದಲು ಮೂರು ವರ್ಷದ ಜಿಎನ್‌ಎಂ ಬಗ್ಗೆ ಯೋಚಿಸಿ. ಮುಂದೆ ಪೋಸ್ಟ್ ಬೇಸಿಕ್ ಓದಿ ಪದವಿ ಪಡೆಯಬಹುದು. ನನ್ನ ಅತ್ಯುತ್ತಮ ವಿದ್ಯಾರ್ಥಿಗಳಲ್ಲಿ ಹಲವರು ಈ ದಾರಿಯಲ್ಲೇ ಬಂದವರು. ಬೇರೆ ರಾಜ್ಯದ ಬೋರ್ಡಿನಲ್ಲಿ ಓದಿದವರಿಗೆ ರಾಜೀವ್ ಗಾಂಧಿ ವಿಶ್ವವಿದ್ಯಾಲಯದಿಂದ ಅರ್ಹತಾ ಪ್ರಮಾಣಪತ್ರ ಬೇಕು ಎಂಬುದನ್ನೂ ಮರೆಯಬೇಡಿ. ಇದನ್ನು ಕಾಲೇಜು ಮಾಡಿಸುತ್ತದೆ ಎಂದು ಬಿಟ್ಟು, ಮೊದಲ ಪರೀಕ್ಷೆಯ ಹಾಲ್ ಟಿಕೆಟ್ ಬಾರದೆ ಒಂದು ವರ್ಷ ಕಳೆದುಕೊಂಡವರನ್ನು ನೋಡಿದ್ದೇನೆ.

ಒಂದು ವರ್ಷ ಮನೆಯಲ್ಲಿ ಉಳಿದು ಮುಂದಿನ ಸಿಇಟಿ ಬರೆಯುವುದೂ ಒಂದು ದಾರಿ. ಊರಿನಲ್ಲಿ ಅದನ್ನು ವರ್ಷ ಹಾಳು ಎನ್ನುತ್ತಾರೆ. ತಪ್ಪು ಕೋರ್ಸಿನಲ್ಲಿ ಕಳೆದ ವರ್ಷಕ್ಕಿಂತ ಅದು ಖಂಡಿತ ಅಗ್ಗ. ಆದರೆ ಆ ವರ್ಷದೊಳಗೆ ಮದುವೆಯ ಮಾತು ಎದ್ದು ಓದು ಅಲ್ಲಿಗೇ ನಿಂತ ಮನೆಗಳನ್ನೂ ಬಲ್ಲೆ. ಅದರ ಹೊಣೆ ನಿಮ್ಮದು.

ಮುಂಗಡದ ಹತ್ತು ಸಾವಿರಕ್ಕೆ ರಶೀದಿ ಇದೆಯೇ? ಇದ್ದರೆ ಮಗಳ ಹೆಸರು ಯಾವ ಕೌನ್ಸಿಲಿನಲ್ಲಿ ನೋಂದಣಿಯಾಗುತ್ತದೆ ಎಂದು ಕೇಳಿ, ಉತ್ತರ ತೃಪ್ತಿಕರವಾಗಿಲ್ಲದಿದ್ದರೆ ಹಣ ಹಿಂದಿರುಗಿಸುವಂತೆ ರಿಜಿಸ್ಟರ್ಡ್ ಅಂಚೆಯಲ್ಲಿ ಪತ್ರ ಬರೆಯಿರಿ. ರಶೀದಿ ಇಲ್ಲದಿದ್ದರೆ ಪರಿಚಯದವರಲ್ಲಿ ನೇರವಾಗಿ ಕೇಳಿ. ಅವರಿಗೂ ಪ್ರಾಯಶಃ ಇದೆಲ್ಲ ತಿಳಿದಿರಲಿಕ್ಕಿಲ್ಲ. ಸಿಗದೇ ಹೋದರೂ, ಕೊಟ್ಟ ಹತ್ತು ಸಾವಿರ ಉಳಿಸಲೆಂದು ಇನ್ನೊಂದು ಲಕ್ಷ ಕೊಡಬೇಡಿ.

ಯಾವುದೇ ಕಾಲೇಜನ್ನು ಆರಿಸುವ ಮೊದಲು ಒಂದು ದಿನ ಬಿಡುವು ಮಾಡಿಕೊಂಡು ಅಲ್ಲಿಗೆ ಹೋಗಿ. ಬಿಎಸ್‌ಸಿ ನರ್ಸಿಂಗ್ ಕಾಲೇಜಿಗೆ ಕನಿಷ್ಠ 100 ಹಾಸಿಗೆಗಳ ಸ್ವಂತ ಆಸ್ಪತ್ರೆ ಇರಬೇಕೆಂಬುದು ಕೌನ್ಸಿಲಿನ ನಿಯಮ. ಕಟ್ಟಡದ ಗಾಜು, ಬಸ್ಸುಗಳ ಬಣ್ಣ ನೋಡಬೇಡಿ, ಆಸ್ಪತ್ರೆ ಎಲ್ಲಿದೆ ಎಂದು ಕೇಳಿ ಅಲ್ಲಿನ ಹೊರರೋಗಿ ವಿಭಾಗದಲ್ಲಿ ಒಂದು ಗಂಟೆ ಕುಳಿತುಕೊಳ್ಳಿ. ರೋಗಿಗಳಿಲ್ಲದ ಕಡೆ ನರ್ಸಿಂಗ್ ಕಲಿಯಲು ಆಗುವುದಿಲ್ಲ. ಕೊನೆಯ ವರ್ಷದ ವಿದ್ಯಾರ್ಥಿನಿ ಯಾರಾದರೂ ಸಿಕ್ಕಿದರೆ, ಕಳೆದ ವರ್ಷ ಮುಗಿಸಿದವರಿಗೆ ರಿಜಿಸ್ಟ್ರೇಷನ್ ನಂಬರ್ ಬಂತೇ ಎಂದು ವಿಚಾರಿಸಿ. ಹೋಗುವಾಗ ಮಗಳನ್ನೂ ಕರೆದುಕೊಂಡು ಹೋಗಿ, ಆ ಪ್ರಶ್ನೆಯನ್ನು ಅವಳೇ ಕೇಳಲಿ.